ಚಹಾ ಪಾಕದಲ್ಲಿ ಬೇಯಿಸಿದ ಪೇರಲ: ಶರದ್ ಋತುವಿನ ಒಂದು ಸಿಹಿ ತಿನಿಸು

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ರೈತ ಕುಟುಂಬಗಳಿಗೆ)

ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಕರ್ನಾಟಕದ ಉತ್ತರ ಒಣ ವಲಯಕ್ಕೆ ಸೇರಿದವು. ಇಲ್ಲಿನ ಎರೆಭೂಮಿಯ ಮುಖ್ಯ ಬೆಳೆಗಳಲ್ಲಿ ಹಿಂಗಾರಿ ಜೋಳ ಒಂದಾದರೂ, ಬಾವಿ, ಕೊಳವೆಬಾವಿ ಮತ್ತು ಕಾಲುವೆ ನೀರಿನ ಆಸರೆ ದೊರೆತ ಕಡೆಗಳಲ್ಲಿ ದ್ರಾಕ್ಷಿ, ಲಿಂಬೆ, ದಾಳಿಂಬೆ ಮತ್ತು ಪೇರಲ ತೋಟಗಳು ತಲೆಯೆತ್ತಿವೆ. ಇಂಡಿ ಭಾಗದ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ಆಶ್ವಯುಜ–ಕಾರ್ತಿಕ ಮಾಸಗಳಲ್ಲಿ, ಅಂದರೆ ಶೀಗಿ ಹುಣ್ಣಿಮೆಯಿಂದ ದೀಪಾವಳಿಯ ಆಚೀಚೆಗೆ, ತೋಟದ ರೈತನಿಗೆ ಒಂದು ವಿಚಿತ್ರ ಪರಿಸ್ಥಿತಿ ಎದುರಾಗುತ್ತದೆ. ಮಳೆಗಾಲದ ಲಿಂಬೆ ಮಾರುಕಟ್ಟೆಯಲ್ಲಿ ತುಂಬಿ ಬೆಲೆ ಇಳಿದಿರುತ್ತದೆ. ಮಳೆಗಾಲದ ಪೇರಲ ನೀರುನೀರಾಗಿದ್ದು, ತಿನ್ನುವವರು ಮೂಗು ಮುರಿಯುತ್ತಾರೆ. ಬೇಸಿಗೆಯಲ್ಲಿ ಒಣಗಿಸಿದ ದ್ರಾಕ್ಷಿಯಲ್ಲಿ ಸಣ್ಣ ಕಾಳಿನ, ಬಣ್ಣಗುಂದಿದ ಮಾಲು ಮನೆಯ ಮೂಲೆಯಲ್ಲಿ ಉಳಿದಿರುತ್ತದೆ. ಈ ಮೂರನ್ನೂ ಒಂದೇ ಪಾತ್ರೆಯಲ್ಲಿ ಸೇರಿಸಿ ಮಾಡಬಹುದಾದ ತಿನಿಸನ್ನು ಇಲ್ಲಿ ವಿವರಿಸಲಾಗಿದೆ.

ತಿನಿಸಿನ ಸ್ವರೂಪ ಸರಳವಾದುದು. ಹಣ್ಣನ್ನು ತೆಳುವಾದ ಸಕ್ಕರೆ ಪಾಕದಲ್ಲಿ, ಕುದಿಯಲು ಬಿಡದೆ, ಮಂದ ಉರಿಯ ಮೇಲೆ ಬೇಯಿಸಬೇಕು. ಆ ಪಾಕವನ್ನು ನೀರಿನ ಬದಲು ಚಹಾದ ಕಷಾಯದಿಂದ ತಯಾರಿಸಬೇಕು. ತಂಪು ದೇಶಗಳಲ್ಲಿ ಇದಕ್ಕೆ ಪಿಯರ್ ಹಣ್ಣನ್ನು ಬಳಸುವ ರೂಢಿಯಿದೆ. ನಮ್ಮಲ್ಲಿ ಪಿಯರ್ ಬೆಳೆಯುವುದಿಲ್ಲ, ಕೊಂಡು ತರುವ ಅಗತ್ಯವೂ ಇಲ್ಲ. ಪಿಯರ್ ಹಣ್ಣಿನ ತಿರುಳಿನಲ್ಲಿರುವ ಮರಳಿನಂತಹ ಗಟ್ಟಿ ಕೋಶಗಳು ಪೇರಲದಲ್ಲಿಯೂ ಇವೆ. ಹಲ್ಲಿಗೆ ಸಿಗುವ ಆ ಸಣ್ಣ ಕರಕರ ಎರಡಕ್ಕೂ ಸಮಾನ. ಬೆಂದಾಗ ಆಕಾರ ಕೆಡದೆ ನಿಲ್ಲುವ ಗುಣದಲ್ಲಿಯೂ ಪೇರಲ ಹಿಂದೆ ಬೀಳುವುದಿಲ್ಲ. ಪರಿಮಳದಲ್ಲಂತೂ ಅದು ಪಿಯರ್‌ಗಿಂತ ಒಂದು ಕೈ ಮೇಲು ಎಂದೇ ಹೇಳಬೇಕು.

ಮೊರಬ್ಬಕ್ಕೂ ಇದಕ್ಕೂ ಇರುವ ವ್ಯತ್ಯಾಸ

ಹಣ್ಣನ್ನು ಪಾಕದಲ್ಲಿ ಬೇಯಿಸುವುದು ನಮಗೆ ಹೊಸತೇನಲ್ಲ. ಮಾವಿನಕಾಯಿಯ ಗುಳಂಬ, ನೆಲ್ಲಿಕಾಯಿಯ ಮೊರಬ್ಬ ಈ ಭಾಗದ ಮನೆಗಳಿಗೆ ಚಿರಪರಿಚಿತ. ಆದರೆ ಮೊರಬ್ಬದಲ್ಲಿ ಸಕ್ಕರೆಯ ಪ್ರಮಾಣ ನೂರಕ್ಕೆ 68ರಿಂದ 70 ಭಾಗ. ಅಷ್ಟು ಸಕ್ಕರೆಯಲ್ಲಿ ಬೂಷ್ಟು, ಹುಳಿಬರಿಸುವ ಸೂಕ್ಷ್ಮಜೀವಿಗಳು ಬೆಳೆಯಲು ಬೇಕಾದ ನೀರು ದೊರೆಯುವುದಿಲ್ಲ. ಆದ್ದರಿಂದಲೇ ಮೊರಬ್ಬ ಒಂದು ವರ್ಷ ಭರಣಿಯಲ್ಲಿ ಉಳಿಯುತ್ತದೆ. ಇಲ್ಲಿ ಹೇಳುತ್ತಿರುವ ಪಾಕದಲ್ಲಿ ಸಕ್ಕರೆ ನೂರಕ್ಕೆ 26–27 ಭಾಗ ಮಾತ್ರ. ಇದು ಕೆಲವೇ ದಿನಗಳಲ್ಲಿ ತಿಂದು ಮುಗಿಸಬೇಕಾದ ತಿನಿಸು. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಭರಣಿಯಲ್ಲಿ ತುಂಬಿ ಅಟ್ಟದ ಮೇಲಿಟ್ಟರೆ ನಷ್ಟ ಮಾತ್ರವಲ್ಲ, ಅಪಾಯವೂ ಉಂಟು. ಅದರ ವಿವರ ಮುಂದೆ ಬರುತ್ತದೆ.

ಹಣ್ಣಿನ ಆಯ್ಕೆ

ಪೇರಲ ಗಿಡ ವರ್ಷದಲ್ಲಿ ಮೂರು ಬಾರಿ ಹೂ ಬಿಡುತ್ತದೆ. ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ಹೂ ಬಿಡುವ ಅಂಬೆ ಬಹಾರದ ಫಸಲು ಮಳೆಗಾಲಕ್ಕೆ ಬರುತ್ತದೆ. ಜೂನ್ ತಿಂಗಳ ಮೃಗ ಬಹಾರದ ಫಸಲು ಚಳಿಗಾಲಕ್ಕೆ. ಅಕ್ಟೋಬರ್ ತಿಂಗಳ ಹಸ್ತ ಬಹಾರದ ಫಸಲು ಬೇಸಿಗೆಯ ಮೊದಲಿಗೆ. ಶರದ್ ಋತುವಿನಲ್ಲಿ ನಿಮ್ಮ ಕೈಗೆ ಸಿಗುವುದು ಅಂಬೆ ಬಹಾರದ ಕೊನೆಯ ಹಣ್ಣು ಮತ್ತು ಮೃಗ ಬಹಾರದ ಮೊದಲ ಹಣ್ಣು. ಎರಡನೆಯದನ್ನು ಹಾಗೆಯೇ ತಿನ್ನುವುದು, ಮಾರುವುದು ಲಾಭಕರ. ಪಾಕಕ್ಕೆ ಮೊದಲನೆಯದನ್ನು ಬಳಸಿ. ಮಳೆಗಾಲದ ಹಣ್ಣಿನ ಸಪ್ಪೆತನವನ್ನು ಸಕ್ಕರೆ ಮತ್ತು ಲಿಂಬೆ ತುಂಬಿಕೊಡುತ್ತವೆ.

ಹಣ್ಣು ಬಲಿತಿರಬೇಕು, ಆದರೆ ಮೆತ್ತಗಾಗಿರಬಾರದು. ಕಡುಹಸಿರು ಬಣ್ಣ ತಿಳಿಹಸಿರಿಗೆ ತಿರುಗಿ, ತೊಟ್ಟಿನ ಬಳಿ ಹಳದಿ ಛಾಯೆ ಮೂಡಿದ, ಹೆಬ್ಬೆರಳಿನಿಂದ ಒತ್ತಿದಾಗ ತುಸುವೇ ಬಗ್ಗುವ ಹಣ್ಣು ಯೋಗ್ಯ. ಪೂರ್ಣ ಹಣ್ಣಾದುದು ಐದೇ ನಿಮಿಷದಲ್ಲಿ ಕರಗಿ ಪಾಕ ಗಸಿಯಾಗುತ್ತದೆ. ತೀರ ಕಾಯಿಯಾದುದು ಎಷ್ಟು ಬೇಯಿಸಿದರೂ ಒಗರು ಬಿಡುವುದಿಲ್ಲ, ಅದರ ಮೇಲೆ ಚಹಾದ ಒಗರೂ ಸೇರಿ ನಾಲಿಗೆ ಹಿಡಿದಂತಾಗುತ್ತದೆ. ತಳಿಗಳಲ್ಲಿ ಸರದಾರ್ (ಲಖನೌ-49) ಮತ್ತು ಅಲಹಾಬಾದ್ ಸಫೇದಾ ಎರಡೂ ಒಳ್ಳೆಯವು. ಬಿಳಿ ತಿರುಳು ಚಹಾದಲ್ಲಿ ಬೆಂದು ತಾಮ್ರದ ಬಣ್ಣ ತಾಳುತ್ತದೆ. ಕೆಂಪು ತಿರುಳಿನ ಲಲಿತ್ ತಳಿಯ ಹಣ್ಣು ನೋಟಕ್ಕೆ ಇನ್ನೂ ಚೆನ್ನ.

ಮಳೆಗಾಲದ ಪೇರಲಕ್ಕೆ ಹಣ್ಣುನೊಣದ ಕಾಟ ಹೆಚ್ಚು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಚುಕ್ಕೆ, ಅದರ ಸುತ್ತ ಕಂದು ಬಣ್ಣದ ಮೆತ್ತನೆಯ ವೃತ್ತ ಕಂಡರೆ ಒಳಗೆ ಹುಳು ಇದೆ ಎಂದೇ ತಿಳಿಯಿರಿ. ಕೆಟ್ಟ ಭಾಗವನ್ನು ಕೊಯ್ದು ಉಳಿದುದನ್ನು ಬಳಸುವ ಉಳಿತಾಯ ಇಲ್ಲಿ ಬೇಡ. ಅಂತಹ ಹಣ್ಣನ್ನೂ ಗಿಡದ ಕೆಳಗೆ ಉದುರಿದ ಹಣ್ಣನ್ನೂ ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ತಿಪ್ಪೆಗೆ ಎಸೆದರೆ ಹುಳು ಅಲ್ಲಿಯೇ ಕೋಶವಾಗಿ ಮತ್ತೆ ತೋಟಕ್ಕೆ ಮರಳುತ್ತದೆ. ಕೀಟನಾಶಕ ಸಿಂಪಡಿಸಿದ್ದರೆ ಅದರ ಡಬ್ಬಿಯ ಮೇಲೆ ಸೂಚಿಸಿದ ಕಾಯುವ ಅವಧಿ ಮುಗಿಯುವವರೆಗೆ ಹಣ್ಣು ಕೀಳಬೇಡಿ. ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಬೇರೆ ಹಣ್ಣುಗಳ ವಿಚಾರದಲ್ಲಿ ಎರಡು ಮಾತು. ಅಂಜೂರ ದೊರೆತರೆ ಇಡಿಯಾಗಿ ಐದಾರು ನಿಮಿಷ ಬೇಯಿಸಬಹುದು. ಅರೆಮಾಗಿದ ಪಪ್ಪಾಯಿಯೂ ಆದೀತು, ಆದರೆ ಅದನ್ನು ಅಂದೇ ತಿನ್ನಬೇಕು. ಬಾಳೆಹಣ್ಣು ಒಡೆಯುತ್ತದೆ. ಈ ಋತುವಿನಲ್ಲಿ ಹೊಲದ ಬದುಗಳಲ್ಲಿ ಯಥೇಚ್ಛವಾಗಿ ಸಿಗುವ ಸೀತಾಫಲವನ್ನು ಮಾತ್ರ ಒಲೆಯ ಹತ್ತಿರ ತರಬೇಡಿ. ಬಿಸಿ ತಾಗಿದೊಡನೆ ಅದರ ತಿರುಳು ಕಹಿಯಾಗುತ್ತದೆ. ದಾಳಿಂಬೆಯ ಕಾಳುಗಳನ್ನು ಬಡಿಸುವಾಗ ಮೇಲೆ ಉದುರಿಸಿದರೆ ಸಾಕು.

ಚಹಾ, ನೀರು ಮತ್ತು ಪಾತ್ರೆ

ತಿನಿಸು ಕೆಡುವುದು ಬಹುಮಟ್ಟಿಗೆ ಈ ಮೂರರಲ್ಲಿಯೇ. ಆದ್ದರಿಂದ ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ನಮ್ಮ ಅಂಗಡಿಗಳಲ್ಲಿ ದೊರೆಯುವ ಚಹಾ ಪುಡಿ ಹೆಚ್ಚಾಗಿ ಯಂತ್ರದಲ್ಲಿ ಜಜ್ಜಿ, ಹರಿದು, ಗುಂಡಗೆ ಸುರುಳಿ ಮಾಡಿದ ಸಿ.ಟಿ.ಸಿ. ಪುಡಿ. ಹಾಲು ಹಾಕಿ ಕುದಿಸುವ ಚಹಾಕ್ಕೆ ಅದು ಹೇಳಿ ಮಾಡಿಸಿದ್ದು. ಕಡಿಮೆ ಹೊತ್ತಿನಲ್ಲಿ ಗಾಢ ಬಣ್ಣ, ಗಾಢ ಒಗರು ಬಿಡುತ್ತದೆ. ಹಾಲಿನ ಸಸಾರಜನಕ ಆ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಣ್ಣಿನ ಪಾಕದಲ್ಲಿ ಹಾಲಿಲ್ಲ. ಆದ್ದರಿಂದ ಇಡಿ ಎಲೆಯ ಚಹಾ ತರಬೇಕು. ಕರ್ನಾಟಕದಲ್ಲಿ ಚಹಾ ತೋಟಗಳಿರುವುದು ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ಗುಡ್ಡಗಳಲ್ಲಿ. ನೀಲಗಿರಿಯ ಎಲೆ ಚಹಾ ಪಟ್ಟಣದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಸಿಗದಿದ್ದರೆ ಮನೆಯ ಪುಡಿಯನ್ನೇ ಅರ್ಧದಷ್ಟು ತೂಕ ಬಳಸಿ, ಎರಡೇ ನಿಮಿಷ ನೆನೆಸಿ ಸೋಸಿಕೊಳ್ಳಿ. ಎಂತಹ ಚಹಾವೇ ಆಗಲಿ, ಕುದಿಸಬೇಡಿ. ಎಲೆಯನ್ನು ಹಣ್ಣಿನೊಡನೆ ಹಾಕಿ ಬೇಯಿಸುವುದಂತೂ ತರವಲ್ಲ. ಸೋಸುವಾಗ ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ. ಕಹಿಯೆಲ್ಲ ಆ ಕೊನೆಯ ಹನಿಗಳಲ್ಲಿಯೇ ಇರುತ್ತದೆ.

ಎರಡನೆಯದು ನೀರು. ಈ ತಾಲ್ಲೂಕುಗಳ ಬಹಳಷ್ಟು ಕೊಳವೆಬಾವಿಗಳ ನೀರು ಗಡಸು. ಗಡಸು ನೀರಿನಲ್ಲಿ ಮಾಡಿದ ಚಹಾದ ಮೇಲೆ ತೆಳುವಾದ ಕಂದು ಕೆನೆಯೊಂದು ತೇಲುವುದನ್ನು ನೀವು ನೋಡಿರುತ್ತೀರಿ. ನೀರಿನ ಸುಣ್ಣದ ಅಂಶ ಚಹಾದ ಸತ್ವದೊಡನೆ ಕೂಡಿ ಅದು ಉಂಟಾಗುತ್ತದೆ. ಬಣ್ಣ ಮಂಕಾಗುತ್ತದೆ, ಪರಿಮಳ ಏಳುವುದಿಲ್ಲ. ಇದಲ್ಲದೆ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಚಹಾದ ಎಲೆಯಲ್ಲಿಯೂ ಸ್ವಾಭಾವಿಕವಾಗಿ ಫ್ಲೋರೈಡ್ ಇರುತ್ತದೆ. ಎರಡನ್ನೂ ಒಟ್ಟುಗೂಡಿಸುವ ಬದಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸುವುದು ಉತ್ತಮ. ಶೇಖರಿಸಿದ ಮಳೆನೀರು ಸೋಸಿ ಕುದಿಸಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಪಾತ್ರೆ ತುಕ್ಕು ಹಿಡಿಯದ ಸ್ಟೀಲ್‌ನದೇ ಆಗಿರಬೇಕು. ಕಬ್ಬಿಣದ ಬಾಣಲೆಯಲ್ಲಿ ಚಹಾದ ಒಗರು ಪದಾರ್ಥವು ಕಬ್ಬಿಣದೊಡನೆ ಸೇರಿ ಪಾಕ ಶಾಯಿಯಂತೆ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದ ವಿದ್ಯೆಯ ಹಿಂದಿರುವುದೂ ಇದೇ ಕ್ರಿಯೆ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ಲಿಂಬೆಯ ಹುಳಿಗೆ ಕರಗುತ್ತವೆ, ಅವೂ ಬೇಡ.

ಬೇಕಾಗುವ ಸಾಮಗ್ರಿ (ಎಂಟು ಜನರಿಗೆ)

ಬಲಿತ ಪೇರಲ 1 ಕಿ.ಗ್ರಾಂ (ಮಧ್ಯಮ ಗಾತ್ರದ 8–9 ಹಣ್ಣು), ನೀರು 1 ಲೀಟರ್, ಸಕ್ಕರೆ 350 ಗ್ರಾಂ, ಎಲೆ ಚಹಾ 12 ಗ್ರಾಂ (ಸುಮಾರು 6 ಸಣ್ಣ ಚಮಚ), ಒಣದ್ರಾಕ್ಷಿ 60 ಗ್ರಾಂ, ಲಿಂಬೆಹಣ್ಣು 2, ಏಲಕ್ಕಿ 4, ಲವಂಗ 3, ದಾಲ್ಚಿನ್ನಿ ಬೆರಳುದ್ದದ ಅರ್ಧ ಚೂರು, ಜಜ್ಜಿದ ಒಣಶುಂಠಿ ಅರ್ಧ ಚಮಚ, ಉಪ್ಪು ಒಂದು ಚಿಟಿಕೆ.

ಸಕ್ಕರೆಯ ಬದಲು ಬೆಲ್ಲ ಬಳಸಬಹುದೇ ಎಂಬ ಪ್ರಶ್ನೆ ಸಹಜ. ಬಳಸಬಹುದು, ರುಚಿ ಬೇರೆಯೇ ಆಗುತ್ತದೆ, ಕೆಟ್ಟದೇನಲ್ಲ. ಆದರೆ ಬೆಲ್ಲದ ಲವಣಾಂಶ ಮತ್ತು ಬಣ್ಣದಿಂದ ಪಾಕ ಕಪ್ಪಾಗಿ ಕದಡಿದಂತೆ ಕಾಣುತ್ತದೆ, ಚಹಾದ ಪರಿಮಳ ಬೆಲ್ಲದ ವಾಸನೆಯಡಿ ಮುಚ್ಚಿಹೋಗುತ್ತದೆ. ಬೆಲ್ಲ ಬಳಸುವುದಾದರೆ ಚಹಾ ಬಿಟ್ಟು ಶುಂಠಿ–ಲವಂಗದ ಕಷಾಯದಲ್ಲಿಯೇ ಬೇಯಿಸುವುದು ಜಾಣತನ.

ಒಣದ್ರಾಕ್ಷಿಯ ಬಗ್ಗೆ ಒಂದು ಸೂಚನೆ. ನಮ್ಮ ಜಿಲ್ಲೆಯಲ್ಲಿ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಆಯ್ದ ತಳಿಗಳ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದ ಜಾಲರಿಗಳ ಮೇಲೆ ಎರಡು–ಮೂರು ವಾರ ಒಣಗಿಸಲಾಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಹಳದಿ ಬಣ್ಣಕ್ಕಾಗಿ ಗಂಧಕದ ಹೊಗೆ ಕೊಟ್ಟ ಮಾಲಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಬಾರಿ ತೊಳೆದು ಬಳಸಿ. ಉಬ್ಬಸದ ತೊಂದರೆ ಇರುವವರಿಗೆ ಗಂಧಕದ ಅಂಶ ಆಗಿಬರುವುದಿಲ್ಲ. ಅವರಿಗೆ ಹೊಗೆ ಕೊಡದ ಕಂದು ದ್ರಾಕ್ಷಿಯೇ ಲೇಸು. ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗಳಲ್ಲಿ ಬಣ್ಣ ಇಲ್ಲವೆಂದು ಬೆಲೆ ಕಳೆದುಕೊಳ್ಳುವ ಮಾಲು ಈ ಪಾಕಕ್ಕೆ ಎಷ್ಟೂ ಸಾಲುತ್ತದೆ, ಏಕೆಂದರೆ ಚಹಾದಲ್ಲಿ ನೆನೆದ ಮೇಲೆ ಎಲ್ಲ ದ್ರಾಕ್ಷಿಯೂ ಕಂದೇ.

ತಯಾರಿಸುವ ವಿಧಾನ

ಪೇರಲವನ್ನು ತೊಳೆದು, ಸಿಪ್ಪೆಯನ್ನು ತೆಳುವಾಗಿ ಹೆರೆದು, ಉದ್ದಕ್ಕೆ ಎರಡು ಹೋಳು ಮಾಡಿ. ಚಮಚದ ತುದಿಯಿಂದ ಬೀಜದ ಭಾಗವನ್ನು ಬಟ್ಟಲಿನ ಆಕಾರದಲ್ಲಿ ತೆಗೆಯಿರಿ. ಹೋಳುಗಳನ್ನು ಅರ್ಧ ಲಿಂಬೆಯ ರಸ ಬೆರೆಸಿದ ನೀರಿನಲ್ಲಿ ಮುಳುಗಿಸಿಡಿ. ಇಲ್ಲವಾದರೆ ಗಾಳಿ ತಾಗಿ ಕಂದಾಗುತ್ತವೆ. ತೆಗೆದ ಬೀಜ ಮತ್ತು ಸಿಪ್ಪೆಯನ್ನು ಎಸೆಯಬೇಡಿ. ಪೇರಲದ ಪೆಕ್ಟಿನ್, ಅಂದರೆ ಜೆಲ್ಲಿ ಕಟ್ಟಿಸುವ ಅಂಶ, ಅವುಗಳಲ್ಲಿ ಸಾಕಷ್ಟಿದೆ. ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ತೆಳುಬಟ್ಟೆಯಲ್ಲಿ ಸೋಸಿಟ್ಟುಕೊಂಡರೆ, ಕೊನೆಯಲ್ಲಿ ಪಾಕಕ್ಕೆ ಮೈ ಕೊಡಲು ಬರುತ್ತದೆ.

ಒಂದು ಲೀಟರ್ ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಒಂದು ನಿಮಿಷ ಬಿಟ್ಟು ಚಹಾ ಎಲೆ ಹಾಕಿ ಮುಚ್ಚಿ. ನಾಲ್ಕು ನಿಮಿಷಕ್ಕೆ ಸೋಸಿ. ಗಡಿಯಾರ ನೋಡಿಯೇ ಸೋಸಬೇಕು. ನಾಲ್ಕು ನಿಮಿಷ ಹತ್ತು ನಿಮಿಷವಾದರೆ ಮುಂದೆ ಎಷ್ಟು ಸಕ್ಕರೆ ಹಾಕಿದರೂ ಒಗರು ಮುಚ್ಚದು. ಸೋಸಿದ ಕಷಾಯಕ್ಕೆ ಸಕ್ಕರೆ, ಉಪ್ಪು ಮತ್ತು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದ ಮಸಾಲೆಯನ್ನು ಹಾಕಿ ಅಗಲ ಬಾಯಿಯ ಪಾತ್ರೆಯಲ್ಲಿ ಮಂದ ಉರಿಗೆ ಇಡಿ. ಸಕ್ಕರೆ ಕರಗಿ ಮೇಲೆ ನೊರೆ ಬಂದರೆ ತೆಗೆಯಿರಿ.

ಈಗ ಹೋಳುಗಳನ್ನು ನೀರಿನಿಂದ ಬಸಿದು, ಕೊಯ್ದ ಮೈ ಕೆಳಗಾಗುವಂತೆ ಒಂದೇ ಪದರದಲ್ಲಿ ಪಾಕಕ್ಕೆ ಇಳಿಬಿಡಿ. ಹಣ್ಣು ತೇಲುತ್ತದೆ, ಪಾತ್ರೆಗಿಂತ ಸ್ವಲ್ಪ ಚಿಕ್ಕದಾದ ತಟ್ಟೆಯೊಂದನ್ನು ಮೇಲೆ ಹೇರಿದರೆ ಮುಳುಗಿ ಎಲ್ಲೆಡೆ ಸಮನಾಗಿ ಬೇಯುತ್ತದೆ. ಉರಿ ಎಷ್ಟಿರಬೇಕೆಂದರೆ ಪಾಕದ ಮೇಲ್ಮೈ ನಡುಗಬೇಕು, ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಏಳಬೇಕು, ಅಷ್ಟೇ. ಕೊತಕೊತ ಕುದಿದರೆ ಹೋಳಿನ ಅಂಚುಗಳು ಚೂರಾಗುತ್ತವೆ. ಕಟ್ಟಿಗೆ ಒಲೆಯಾದರೆ ಉರಿಯುವ ಕಟ್ಟಿಗೆಯನ್ನು ಹೊರಗೆಳೆದು ಕೆಂಡದ ಮೇಲೆಯೇ ಬೇಯಿಸಿ. ಈ ಕೆಲಸಕ್ಕೆ ಗ್ಯಾಸ್ ಒಲೆಗಿಂತ ಕೆಂಡವೇ ಮೇಲು. ಹಣ್ಣಿನ ಬಲಿತವನ್ನು ಅನುಸರಿಸಿ 8ರಿಂದ 15 ನಿಮಿಷ ಹಿಡಿಯುತ್ತದೆ. ತೆಳು ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು, ಹೋಳು ಮಾತ್ರ ಎತ್ತಿದರೆ ಬಾಗಬಾರದು. ಸ್ವಲ್ಪ ಬಿಗಿ ಇರುವಾಗಲೇ ಇಳಿಸುವುದು ಕ್ಷೇಮ, ಏಕೆಂದರೆ ಬಿಸಿ ಪಾಕದಲ್ಲಿ ಅದು ಇನ್ನಷ್ಟು ಬೇಯುತ್ತದೆ.

ಮೊದಲೇ ಗಟ್ಟಿ ಪಾಕ ಮಾಡಿ ಅದರಲ್ಲಿ ಹಣ್ಣು ಹಾಕಿದರೆ ಬೇಗ ಸಿಹಿ ಹಿಡಿದೀತು ಎಂದು ತೋರಬಹುದು. ಆಗುವುದು ಅದರ ವಿರುದ್ಧ. ಗಟ್ಟಿ ಪಾಕವು ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಸಕ್ಕರೆ ಒಳಹೋಗುವ ಮುನ್ನವೇ ಹೋಳು ಸುಕ್ಕುಗಟ್ಟಿ ತೊಗಲಿನಂತಾಗುತ್ತದೆ. ತೆಳು ಪಾಕದಲ್ಲಿ ಬೇಯಿಸಿ, ಅದರಲ್ಲಿಯೇ ತಣಿಯಲು ಬಿಟ್ಟರೆ ಸಿಹಿ ನಿಧಾನವಾಗಿ ನಡುವಿನವರೆಗೂ ಇಳಿಯುತ್ತದೆ.

ಇಳಿಸಿದ ಕೂಡಲೇ ಮಸಾಲೆಯ ಗಂಟು ತೆಗೆದು, ಒಣದ್ರಾಕ್ಷಿ ಮತ್ತು ಉಳಿದ ಒಂದೂವರೆ ಲಿಂಬೆಯ ರಸವನ್ನು ಬೀಜ ಬೀಳದಂತೆ ಸೇರಿಸಿ. ಲಿಂಬೆಯ ರಸವನ್ನು ಒಲೆಯ ಮೇಲೆ ಹಾಕಬಾರದು. ಬಹಳ ಹೊತ್ತು ಕಾದರೆ ಅದು ಕಹಿಯಾಗುತ್ತದೆ. ರಸ ಬೀಳುತ್ತಲೇ ಕಡುಗಂದು ಪಾಕ ಜೇನಿನ ಬಣ್ಣಕ್ಕೆ ತಿರುಗುವುದನ್ನು ಕಾಣುತ್ತೀರಿ. ಚಹಾದ ಬಣ್ಣದ ಅಂಶ ಹುಳಿಗೆ ತಿಳಿಯಾಗುವುದರಿಂದ ಹೀಗಾಗುತ್ತದೆ. ಮಕ್ಕಳನ್ನು ಕರೆದು ತೋರಿಸಬಹುದಾದ ಪ್ರಯೋಗ ಇದು. ಮುಚ್ಚಿಟ್ಟು, ಬಿಸಿ ಆರಿದ ಮೇಲೆ ಶೀತಕ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡಿ. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಹಗಲೆಲ್ಲ ಹೊಲದಲ್ಲಿರುವವರಿಗೆ ಇದೊಂದು ಅನುಕೂಲ: ರಾತ್ರಿಯ ಅಡುಗೆಯ ಬೆನ್ನಿಗೆ ಅರ್ಧ ತಾಸಿನ ಕೆಲಸ, ಉಳಿದುದನ್ನು ಪಾಕವೇ ನೋಡಿಕೊಳ್ಳುತ್ತದೆ.

ಮರುದಿನ ಪಾಕ ಮಬ್ಬಾಗಿ ಕಂಡರೆ ಗಾಬರಿ ಬೇಡ. ತಣ್ಣಗಾದಾಗ ಚಹಾದ ಒಗರು ಅಂಶ ಮತ್ತು ಕೆಫೀನ್ ಒಂದಕ್ಕೊಂದು ಅಂಟಿಕೊಂಡು ಕದಡಿದಂತೆ ತೋರುತ್ತದೆ. ಬೆಚ್ಚಗೆ ಮಾಡಿದರೆ ತಿಳಿಯಾಗುತ್ತದೆ. ನೊರೆ, ಹುಳಿವಾಸನೆ ಅಥವಾ ಲೋಳೆ ಕಂಡರೆ ಮಾತ್ರ ಅದು ಕೆಟ್ಟಿದೆ, ಚೆಲ್ಲಬೇಕು. ಪಾಕ ಇನ್ನೂ ಗಟ್ಟಿಯಿರಬೇಕೆನಿಸಿದರೆ ಹೋಳುಗಳನ್ನು ಬೇರೆ ತೆಗೆದಿಟ್ಟು, ಅರ್ಧದಷ್ಟು ಪಾಕಕ್ಕೆ ಮೊದಲು ಸೋಸಿಟ್ಟ ಬೀಜದ ನೀರನ್ನು ಬೆರೆಸಿ ಕುದಿಸಿ ಇಳಿಸಿಕೊಳ್ಳಿ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಂಗಿಸಬೇಡಿ; ನೀರಿನೊಡನೆ ಒಗರು ಆವಿಯಾಗುವುದಿಲ್ಲ.

ಬಡಿಸುವಾಗ ಪ್ರತಿಯೊಬ್ಬರಿಗೂ ಎರಡು ಹೋಳು, ಅದರ ಬಟ್ಟಲಿನಲ್ಲಿ ನೆನೆದ ದ್ರಾಕ್ಷಿ, ಮೇಲೆ ಒಂದಿಷ್ಟು ದಾಳಿಂಬೆ ಕಾಳು. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು ಪಕ್ಕದಲ್ಲಿದ್ದರೆ ಹಿತ. ಹಬ್ಬಕ್ಕೆ ಮಾಡಿದ ಮಾದಲಿ ಮನೆಯಲ್ಲಿ ಉಳಿದಿದ್ದರೆ ಎರಡು ಚಮಚ ಮೇಲೆ ಉದುರಿಸಿ ನೋಡಿ. ಗೋದಿಯ ಕರಕರ, ಪುಟಾಣಿ–ಕೊಬ್ಬರಿಯ ಸ್ವಾದ ಈ ಮೆತ್ತನೆಯ ಹಣ್ಣಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಹಾಗೆ ಮಾಡುವುದಾದರೆ ಪಾಕ ಕಡಿಮೆ ಹಾಕಬೇಕು.

ಯಾರು, ಯಾವಾಗ ತಿನ್ನಬೇಕು

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರೊಟ್ಟಿ, ಬೇಳೆ, ಸೊಪ್ಪಿನಿಂದ ದೊರೆಯುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಚಹಾದ ಒಗರು ಪದಾರ್ಥ ಅಡ್ಡಿಮಾಡುತ್ತದೆ. ಪೇರಲ ಮತ್ತು ಲಿಂಬೆಯ ಸಿ ಜೀವಸತ್ವ ಅದನ್ನು ಭಾಗಶಃ ಸರಿದೂಗಿಸುತ್ತದೆ ನಿಜ. ತಾಜಾ ಪೇರಲದಲ್ಲಿ 100 ಗ್ರಾಂಗೆ 200 ಮಿ.ಗ್ರಾಂ ಆಸುಪಾಸು ಸಿ ಜೀವಸತ್ವ ಇರುತ್ತದೆ. ಆದರೆ ಬೇಯಿಸುವಾಗ ಅದರಲ್ಲೊಂದು ಭಾಗ ನಾಶವಾಗಿ, ಮತ್ತೊಂದು ಭಾಗ ಪಾಕಕ್ಕೆ ಇಳಿಯುತ್ತದೆ. ಆದ್ದರಿಂದ ಊಟದ ಎಲೆಯಲ್ಲಿಯೇ ಇದನ್ನು ಬಡಿಸದೆ, ಊಟವಾಗಿ ಒಂದೆರಡು ತಾಸು ಕಳೆದ ಮೇಲೆ ತಿನ್ನುವುದು ಯೋಗ್ಯ. ಕಬ್ಬಿಣದ ಮಾತ್ರೆ ನುಂಗುವ ಗರ್ಭಿಣಿಯರು, ಬಾಣಂತಿಯರು, ಕಿಶೋರಿಯರು ಮಾತ್ರೆಯ ಸಮಯದಿಂದ ಇದನ್ನು ದೂರವಿಡಬೇಕು.

ಒಂದು ಪಾಲಿನಲ್ಲಿ ಸೇರುವ ಕೆಫೀನ್ ಒಂದು ಲೋಟ ಚಹಾದಲ್ಲಿರುವುದಕ್ಕಿಂತ ಕಡಿಮೆಯೇ. ಆದರೂ ಚಿಕ್ಕ ಮಕ್ಕಳಿಗೆ ಚಹಾ ರೂಢಿಮಾಡಿಸಲು ಇದು ದಾರಿಯಾಗಬಾರದು. ಅವರಿಗಾಗಿ ಹಿತ್ತಲಿನ ಮಜ್ಜಿಗೆ ಹುಲ್ಲಿನ (ನಿಂಬೆ ಹುಲ್ಲು) ಆರೇಳು ಎಸಳನ್ನು ಚಹಾದ ಬದಲು ಹತ್ತು ನಿಮಿಷ ನೆನೆಸಿ ಪಾಕ ಮಾಡಿ. ಕೆಲವರಿಗೆ ಮೂಲಕ್ಕಿಂತ ಅದೇ ಹೆಚ್ಚು ಇಷ್ಟವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಈ ತಿನಿಸು ಹೇಳಿದ್ದಲ್ಲ. ಅವರು ತಾಜಾ ಪೇರಲವನ್ನೇ ವೈದ್ಯರ ಸಲಹೆಯಂತೆ ಮಿತವಾಗಿ ತಿನ್ನಲಿ.

ಸಂಗ್ರಹಣೆ ಮತ್ತು ಮಾರಾಟ

ಶೀತಕ ಪೆಟ್ಟಿಗೆಯಲ್ಲಿ, ಮುಚ್ಚಳವಿರುವ ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ, ಹೋಳುಗಳು ಪಾಕದಲ್ಲಿ ಮುಳುಗಿರುವಂತೆ ಇಟ್ಟರೆ ನಾಲ್ಕೈದು ದಿನ ಇರುತ್ತದೆ. ಹೊರಗೆ ಇಟ್ಟರೆ ಮರುದಿನವೇ ಮುಗಿಸಬೇಕು. ಅಕ್ಟೋಬರ್ ಹಗಲು ನಮ್ಮ ಕಡೆ ಇನ್ನೂ ಬಿಸಿಯಾಗಿಯೇ ಇರುತ್ತದೆ ಎಂಬುದನ್ನು ಮರೆಯಬೇಡಿ.

ಸ್ತ್ರೀಶಕ್ತಿ ಗುಂಪುಗಳ ಸದಸ್ಯೆಯರು ಇದನ್ನು ಬಾಟಲಿಯಲ್ಲಿ ತುಂಬಿ ಮಾರಬಹುದೇ ಎಂದು ಕೇಳುವುದುಂಟು. ಇಲ್ಲಿ ಎಚ್ಚರ ಅಗತ್ಯ. ಗಾಳಿಯಾಡದ ಬಾಟಲಿಯಲ್ಲಿ, ಹುಳಿ ಕಡಿಮೆಯಿರುವ ಆಹಾರದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿ ಬೆಳೆದು ಮಾರಕ ವಿಷ ಉಂಟುಮಾಡಬಲ್ಲದು; ಅದರ ಬೀಜಕಣಗಳು ಮಣ್ಣಿನಲ್ಲಿಯೇ ಇರುತ್ತವೆ, ಬರೀ ಕುದಿಸಿದರೆ ಸಾಯುವುದಿಲ್ಲ. ಹುಳಿಯ ಅಳತೆಯಾದ ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಪೇರಲ ಸಾಮಾನ್ಯವಾಗಿ ಈ ಗೆರೆಯ ಕೆಳಗೇ ಇದೆ, ಲಿಂಬೆರಸ ಅದನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಪಪ್ಪಾಯಿ ಗೆರೆಯ ಮೇಲಿದೆ. ಆದ್ದರಿಂದ ಪಪ್ಪಾಯಿಯ ಪಾಕವನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಾಟಲಿ ಮಾಡಬಾರದು. ಪೇರಲವನ್ನಾದರೂ ಪ್ರತಿ ತಂಡದ ಪಿ.ಎಚ್. ಅಳೆದು, ಬಾಟಲಿ ಸಂಸ್ಕರಿಸುವ ಕ್ರಮ ಕಲಿತ ಮೇಲೆಯೇ ತುಂಬಬೇಕು. ಅಲ್ಲಿಯವರೆಗೆ ಹಬ್ಬ, ಜಾತ್ರೆ, ಮದುವೆಗಳಿಗೆ ಮುಂಗಡ ಬೇಡಿಕೆಯಂತೆ ಅಂದಂದೇ ಮಾಡಿ, ತಣ್ಣಗಿಟ್ಟು ಕೊಡುವುದೇ ಸರಿಯಾದ ವ್ಯಾಪಾರ. ಅದಕ್ಕೂ ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರದ ನೋಂದಣಿ ಬೇಕು.

ಲಾಭದ ದೃಷ್ಟಿಯಿಂದ ನೋಡಿದರೆ ಬೇಯಿಸಿದ ಹಣ್ಣಿಗಿಂತ ಅದರ ಒಣ ಸಾಮಗ್ರಿಯ ಪೊಟ್ಟಣ ಹೆಚ್ಚು ಆಶಾದಾಯಕ ಎನಿಸುತ್ತದೆ. ಅಳತೆ ಮಾಡಿದ ಎಲೆ ಚಹಾ, ಮಸಾಲೆಯ ಗಂಟು, ನಮ್ಮದೇ ಒಣದ್ರಾಕ್ಷಿ ಮತ್ತು ಮಾಡುವ ವಿಧಾನದ ಒಂದು ಚೀಟಿ. ಜೊತೆಗೆ ಒಂದು ಕಿಲೋ ಪೇರಲ, ಎರಡು ಇಂಡಿ ಲಿಂಬೆ. ಕೆಡುವ ಭಯವಿಲ್ಲ, ಶೀತಕ ಪೆಟ್ಟಿಗೆಯ ಖರ್ಚಿಲ್ಲ, ತೋಟದ ಮೂರು ಉತ್ಪನ್ನಗಳು ಒಂದೇ ಚೀಲದಲ್ಲಿ ಮಾರಾಟವಾಗುತ್ತವೆ. ಮುಂದೆ ಸಣ್ಣ ಘಟಕ ಕಟ್ಟುವ ಯೋಚನೆ ಇದ್ದಲ್ಲಿ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ ಯೋಜನಾ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಸಂಪರ್ಕಿತ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಅರ್ಜಿ ಹಾಕುವ ಮುನ್ನ ಅದರ ಸದ್ಯದ ನಿಯಮಗಳನ್ನು ಜಿಲ್ಲಾ ಕೃಷಿ ಕಚೇರಿಯಲ್ಲಿ ವಿಚಾರಿಸಿ.

ಹಣ್ಣು ಸಂಸ್ಕರಣೆಯ ತರಬೇತಿ ಮತ್ತು ಪಿ.ಎಚ್. ಪರೀಕ್ಷೆಯ ಮಾಹಿತಿಗಾಗಿ ಇಂಡಿ ಹಾಗೂ ಸಿಂದಗಿ ಭಾಗದವರು ಇಂಡಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಬಸವನ ಬಾಗೇವಾಡಿ ಹಾಗೂ ಮುದ್ದೇಬಿಹಾಳ ಭಾಗದವರು ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮ್‌ನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಹೋಗುವಾಗ ನೀವು ಬಳಸುವ ನೀರಿನ ಒಂದು ಲೀಟರ್ ಮಾದರಿಯನ್ನು ಶುಭ್ರವಾದ ಬಾಟಲಿಯಲ್ಲಿ ಜೊತೆಗೆ ಒಯ್ಯಿರಿ; ಅದನ್ನು ಎಲ್ಲಿ ಪರೀಕ್ಷಿಸಿಕೊಳ್ಳಬೇಕೆಂಬುದನ್ನೂ ಅಲ್ಲಿಯೇ ಕೇಳಿ ತಿಳಿಯಬಹುದು.